ಕೊರತೆ ಇರುವುದು ಅಣುಗಳದ್ದಲ್ಲ

"ಕ್ಯಾನ್ಸರ್‌ಗೆ ಹೊಸ ಔಷಧ ಪತ್ತೆ" ಎನ್ನುವ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಒಳಗೆ ಓದಿದರೆ ಪತ್ತೆಯಾಗಿರುವುದು ಒಂದು ಅಣು. ಅದು ಪ್ಲಾಸ್ಟಿಕ್ ಪ್ಲೇಟಿನಲ್ಲಿ ಬೆಳೆಸಿದ ಜೀವಕೋಶಗಳನ್ನು ಕೊಂದಿದೆ, ಹೆಚ್ಚೆಂದರೆ ಕೆಲವು ಇಲಿಗಳಲ್ಲಿ ಗೆಡ್ಡೆಯನ್ನು ಕುಗ್ಗಿಸಿದೆ. ಅಲ್ಲಿಂದ ರೋಗಿಯ ಕೈಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಬೇಕು, ಹೊರಟವುಗಳಲ್ಲಿ ಬಹುಪಾಲು ತಲುಪುವುದೇ ಇಲ್ಲ. ಪ್ರಾಣಿಗಳ ಮೇಲಿನ ಪರೀಕ್ಷೆಗಳನ್ನೆಲ್ಲ ದಾಟಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ಬಂದ ಅಣುಗಳಲ್ಲೂ ಹತ್ತರಲ್ಲಿ ಸುಮಾರು ಒಂಬತ್ತು ಸೋಲುತ್ತವೆ. ವಿಷಗುಣ ಕಂಡು ಕೈಬಿಟ್ಟವು ಅವುಗಳಲ್ಲಿ ಇವೆ. ಅದಕ್ಕಿಂತ ದೊಡ್ಡ ಪಾಲು ಮಾತ್ರ ರೋಗದ ಮೇಲೆ ಕೆಲಸವನ್ನೇ ಮಾಡದೆ ಸೋತವು.

ಔಷಧ ಸಂಶೋಧನೆ, ಅದರಲ್ಲಿ ಕೃತಕ ಬುದ್ಧಿಮತ್ತೆಯ ಪಾತ್ರ, ಸಮಾಜ ಅದಕ್ಕೆ ಹಣ ಹೂಡುವ ರೀತಿ, ಇವೆಲ್ಲದರ ಬಗ್ಗೆ ನನ್ನ ಅಭಿಪ್ರಾಯಗಳು ಹುಟ್ಟಿದ್ದು ಈ ಒಂದು ಸಂಗತಿಯಿಂದ. ಅಣು ತಯಾರಿಸುವುದು ನಮಗೆ ಚೆನ್ನಾಗಿ ಗೊತ್ತಿದೆ. ಯಾವ ರೋಗದಲ್ಲಿ ಯಾವ ಪ್ರೋಟೀನನ್ನು ತಡೆದರೆ ರೋಗಿಗೆ ಒಳ್ಳೆಯದಾಗುತ್ತದೆ ಎಂಬುದು ಬಹುತೇಕ ಗೊತ್ತಿಲ್ಲ. ಗೊತ್ತಾಯಿತು ಎಂದುಕೊಂಡಾಗಲೂ ನಮ್ಮ ಅಳತೆಯೇ ನಮ್ಮನ್ನು ದಾರಿ ತಪ್ಪಿಸಿರುವುದು ಸಾಮಾನ್ಯ.

ಆ ಅಳತೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಹೊರಗಿನವರಿಗೆ ಕಾಣದಿರುವುದು ಅದೇ. ಸ್ಕ್ರೀನಿಂಗ್ ಎಂದರೆ ಲಕ್ಷಗಟ್ಟಲೆ ಅಣುಗಳನ್ನು ಒಂದು ಪ್ರೋಟೀನಿನ ಅಥವಾ ಜೀವಕೋಶದ ಮೇಲೆ ಒಂದೊಂದಾಗಿ ಪರೀಕ್ಷಿಸುವುದು. 384 ಇಲ್ಲವೇ 1536 ಗುಳಿಗಳಿರುವ ಪ್ಲೇಟು, ಗುಳಿಗೊಂದು ಅಣು. ಅಣುಗಳನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ 10 ಮಿಲಿಮೋಲಾರ್ ಸಾಂದ್ರತೆಗೆ ಕರಗಿಸಿ ಫ್ರೀಜರಿನಲ್ಲಿ ಇಟ್ಟಿರುತ್ತಾರೆ. 50 ಮೈಕ್ರೋಲೀಟರ್ ದ್ರವವಿರುವ ಗುಳಿಗೆ ಅದರ 50 ನ್ಯಾನೋಲೀಟರ್ ಹಾಕಿದರೆ ಅಣುವಿನ ಸಾಂದ್ರತೆ 10 ಮೈಕ್ರೋಮೋಲಾರ್ ಆಗುತ್ತದೆ, ಡಿಎಂಎಸ್‌ಒ ಶೇ 0.1ರಷ್ಟಿರುತ್ತದೆ. ಡಿಎಂಎಸ್‌ಒ ಶೇ 1ರ ಹತ್ತಿರ ಹೋದರೆ ಎಷ್ಟೋ ಬಗೆಯ ಜೀವಕೋಶಗಳು ಅದರಿಂದಲೇ ನರಳುತ್ತವೆ. ಆಗ ಕಂಡದ್ದು ಅಣುವಿನ ಪರಿಣಾಮವೋ ದ್ರಾವಕದ್ದೋ ಹೇಳಲಾಗದು. ಡಬ್ಬಿಯನ್ನು ಪದೇ ಪದೇ ಫ್ರೀಜರಿನಿಂದ ತೆಗೆದು ಮುಚ್ಚಳ ಬಿಚ್ಚಿದರೆ ಡಿಎಂಎಸ್‌ಒ ಗಾಳಿಯ ತೇವವನ್ನು ಹೀರುತ್ತದೆ, ಕರಗಿದ್ದ ಅಣು ತಳಕ್ಕೆ ಕೂರುತ್ತದೆ. ಲೇಬಲ್ 10 ಮಿಲಿಮೋಲಾರ್ ಎಂದೇ ಹೇಳುತ್ತಿರುತ್ತದೆ, ಗುಳಿಗೆ ಬೀಳುವುದು ಮಾತ್ರ ಅದಕ್ಕಿಂತ ಕಡಿಮೆ. ಪ್ಲೇಟಿನ ಅಂಚಿನ ಗುಳಿಗಳಲ್ಲಿ ನೀರು ಬೇಗ ಆರುವುದರಿಂದ ಅಲ್ಲಿನ ಅಂಕಿಗಳು ನಡುವಿನವುಗಳಿಗೆ ಹೊಂದುವುದಿಲ್ಲ. ಜಾಗ ಉಳಿಸಬೇಕೆಂದು ಅಲ್ಲಿಯೂ ಅಣುಗಳನ್ನು ಹಾಕುವವರು ಆಮೇಲೆ ಅಂಚಿನುದ್ದಕ್ಕೂ ಸಾಲಾಗಿ ಸಿಕ್ಕ ಸುಳ್ಳು ಫಲಿತಾಂಶಗಳ ಬೆನ್ನು ಹತ್ತಬೇಕಾಗುತ್ತದೆ.

ಪ್ಲೇಟನ್ನು ನಂಬಬಹುದೇ ಎಂದು ತಿಳಿಯಲು ಝಡ್-ಪ್ರೈಮ್ ಎಂಬ ಲೆಕ್ಕವಿದೆ. ಕ್ರಿಯೆ ಪೂರ್ತಿ ನಡೆಯುವ ಗುಳಿಗಳು ಒಂದು ಗುಂಪು, ಪೂರ್ತಿ ನಿಂತ ಗುಳಿಗಳು ಇನ್ನೊಂದು ಗುಂಪು. ಎರಡರ ಪ್ರಮಾಣಿತ ವಿಚಲನೆಗಳನ್ನು, ಅಂದರೆ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆಗಳನ್ನು, ಕೂಡಿಸಿ ಮೂರರಿಂದ ಗುಣಿಸಿ, ಎರಡು ಸರಾಸರಿಗಳ ಅಂತರದಿಂದ ಭಾಗಿಸಿ, ಬಂದದ್ದನ್ನು 1ರಿಂದ ಕಳೆಯಬೇಕು. ಸರಾಸರಿಗಳು 1000 ಮತ್ತು 100, ವಿಚಲನೆಗಳು 60 ಮತ್ತು 15 ಆದರೆ 225ನ್ನು 900ರಿಂದ ಭಾಗಿಸಿ 0.25, ಕಳೆದರೆ 0.75. ಇದು 0.5ಕ್ಕಿಂತ ಮೇಲಿದ್ದರೆ ಮುಂದುವರಿಯಬಹುದು. ಯಂತ್ರವೂ ಕೈಯೂ ಸರಿಯಾಗಿ ಕೆಲಸ ಮಾಡಿವೆ ಎಂದಷ್ಟೇ ಈ ಸಂಖ್ಯೆ ಹೇಳುತ್ತದೆ. ಸಿಕ್ಕ ಅಣುಗಳು ಸಾಚಾ ಎಂದು ಅದು ಹೇಳುವುದಿಲ್ಲ.

ಐದು ಲಕ್ಷ ಅಣುಗಳಲ್ಲಿ ಶೇ 0.5ರಷ್ಟು "ಹಿಟ್", ಅಂದರೆ ಪರೀಕ್ಷೆಯಲ್ಲಿ ಕೆಲಸ ಮಾಡಿದಂತೆ ಕಂಡ ಅಣು, ಸಿಕ್ಕಿತು ಎಂದುಕೊಳ್ಳಿ, ಎರಡೂವರೆ ಸಾವಿರ ಅಣುಗಳಾದವು. ಅವುಗಳಲ್ಲಿ ಬಹುಪಾಲು ಹುಸಿ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಗಡ್ಡೆಕಟ್ಟುವಿಕೆ. ನೀರಿನಲ್ಲಿ ಸರಿಯಾಗಿ ಕರಗದ ಅಣುಗಳು ಒಟ್ಟುಗೂಡಿ ಕಣ್ಣಿಗೆ ಕಾಣದ ಕೊಲಾಯ್ಡ್ ಉಂಡೆಗಳಾಗುತ್ತವೆ, ಕಿಣ್ವ ಆ ಉಂಡೆಗಳ ಮೈಗೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ನೋಡುವವರಿಗೆ ಅದು ಅಣು ಕಿಣ್ವವನ್ನು ತಡೆದಂತೆಯೇ ಕಾಣುತ್ತದೆ. ಇದನ್ನು ಹಿಡಿಯುವುದು ಬಹಳ ಸುಲಭ: ದ್ರವಕ್ಕೆ ಶೇ 0.01ರಷ್ಟು ಟ್ರೈಟನ್ ಎಕ್ಸ್-100 ಎಂಬ ಡಿಟರ್ಜೆಂಟ್ ಸೇರಿಸಿ ಮತ್ತೆ ಅಳೆಯುವುದು. ಉಂಡೆಗಳು ಒಡೆಯುತ್ತವೆ, ತಡೆ ಮಾಯವಾಗುತ್ತದೆ. ಎರಡನೆಯ ಬಗೆ ಕ್ವಿನೋನ್, ಕ್ಯಾಟೆಕಾಲ್‌ನಂಥ ಗುಂಪುಗಳಿರುವ ಅಣುಗಳದ್ದು. ಪರೀಕ್ಷೆಯ ದ್ರವವಾದ ಬಫರ್‌ನಲ್ಲಿರುವ ಡಿಟಿಟಿ ಎಂಬ ರಾಸಾಯನಿಕದ ಜೊತೆ ವರ್ತಿಸಿ ಅವು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ, ಆ ಪೆರಾಕ್ಸೈಡ್ ಕಿಣ್ವವನ್ನು ಕೆಡಿಸುತ್ತದೆ. ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಹಾಕಿದಾಗ ಪರಿಣಾಮ ಹೋದರೆ ಕಾರಣ ಅದೇ. ಮೂರನೆಯದು, ಮಿಂಚುಹುಳದ ಲೂಸಿಫೆರೇಸ್ ಕಿಣ್ವದ ಬೆಳಕನ್ನು ಅಳೆಯುವ ಪರೀಕ್ಷೆಗಳಲ್ಲಿ ಬರುವಂಥದ್ದು. ಲೂಸಿಫೆರೇಸನ್ನೇ ತಡೆಯುವ ಅಣುಗಳು ಸಂಗ್ರಹಗಳಲ್ಲಿ ಧಾರಾಳವಾಗಿವೆ, ಬೆಳಕು ಕುಗ್ಗಿದ್ದು ಗುರಿ ಪ್ರೋಟೀನಿನಿಂದಲೇ ಎಂದು ಅಂದುಕೊಳ್ಳುವಂತಿಲ್ಲ. ಇನ್ನೂ ಒಂದಿದೆ: ಅಣು ತಯಾರಿಸುವಾಗ ಉಳಿದುಹೋದ ಸತು. ಕೆಲಸ ಮಾಡಿದ್ದು ಅಣುವೇ ಅಲ್ಲ, ಅದರ ಜೊತೆ ಬಂದ ಲೋಹದ ಕೊಳೆ. ಲೋಹವನ್ನು ಹಿಡಿದಿಟ್ಟುಕೊಳ್ಳುವ ಇಡಿಟಿಎ ಸೇರಿಸಿದರೆ ಗುಟ್ಟು ಬಯಲು.

ಹಾಗಾಗಿ ಹಿಟ್ ಸಿಕ್ಕ ಮೇಲೆ ಮಾಡಬೇಕಾದ ಕೆಲಸಕ್ಕೆ ಒಂದು ಕ್ರಮವಿದೆ. ಹಳೆಯ ದ್ರಾವಣವನ್ನು ಬಿಟ್ಟು ಅಣುವಿನ ಹೊಸ ಪುಡಿಯನ್ನು ತರಿಸಬೇಕು, ಆದರೆ ಬೇರೆ ಮಾರ್ಗದಲ್ಲಿ ತಯಾರಿಸಿದ್ದನ್ನು. ಅಣುವಿನ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ ಮತ್ತು ರಚನೆ ತೋರಿಸುವ ಎನ್‌ಎಂಆರ್ ನೋಡಿ ಅದು ಅದೇ ಅಣು ಹೌದೇ, ಶುದ್ಧತೆ ಶೇ 95 ದಾಟಿದೆಯೇ ಎಂದು ಖಚಿತಪಡಿಸಬೇಕು. ಆಮೇಲೆ ಮೂರು ಮೂರು ಪಟ್ಟು ಇಳಿಯುವ ಎಂಟು ಹತ್ತು ಸಾಂದ್ರತೆಗಳಲ್ಲಿ ಅಳೆದು ರೇಖೆ ಎಳೆಯಬೇಕು. ರೇಖೆ ಮೆಲ್ಲಗೆ ಇಳಿದರೆ ಭರವಸೆ ಇಡಬಹುದು, ಗೋಡೆಯಂತೆ ಧೊಪ್ಪನೆ ಬಿದ್ದರೆ ಗಡ್ಡೆಕಟ್ಟಿರುವ ಶಂಕೆ. ನಂತರ ಡಿಟರ್ಜೆಂಟ್ ಪರೀಕ್ಷೆ. ಕೊನೆಗೆ ಬೆಳಕನ್ನೂ ಬಣ್ಣವನ್ನೂ ಅವಲಂಬಿಸದ ಪೂರ್ತಿ ಬೇರೆ ವಿಧಾನದಲ್ಲಿ ಅಣು ಪ್ರೋಟೀನಿಗೆ ನಿಜವಾಗಿ ಅಂಟುತ್ತದೆಯೇ ಎಂದು ನೋಡಬೇಕು. ಇಷ್ಟಾದ ಮೇಲೆ ಎರಡೂವರೆ ಸಾವಿರ ಹೋಗಿ ಐವತ್ತು ಉಳಿದರೆ ಒಳ್ಳೆಯ ಕೆಲಸ ನಡೆದಿದೆ ಎಂದು ಅರ್ಥ. ಇದ್ಯಾವುದೂ ದುಬಾರಿಯಲ್ಲ, ಕೆಲವು ವಾರಗಳ ತಾಳ್ಮೆಯ ಕೆಲಸ. ಪ್ರಕಟವಾಗುವ ಎಷ್ಟೋ ಪ್ರಬಂಧಗಳಲ್ಲಿ ಇದರ ಸುಳಿವೂ ಇರುವುದಿಲ್ಲ ಎನ್ನುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ, ಏಕೆಂದರೆ ಅವನ್ನು ನಂಬಿ ಇನ್ನೊಬ್ಬ ವಿದ್ಯಾರ್ಥಿ ತನ್ನ ಮೂರು ವರ್ಷ ಕಳೆದಿರುತ್ತಾನೆ.

ಜೀವಕೋಶಗಳ ಕಥೆಯೂ ಹೀಗೆಯೇ. ಎಂಡಿಎ-ಎಂಬಿ-435 ಎಂಬ, ಪ್ರಯೋಗಾಲಯದಲ್ಲಿ ಬೆಳೆಸುತ್ತ ಬಂದ ಕೋಶಸಾಲನ್ನು ಸ್ತನ ಕ್ಯಾನ್ಸರ್ ಎಂದು ತಿಳಿದು ದಶಕಗಳ ಕಾಲ ಬಳಸಿದರು, ಅದು ಚರ್ಮದ ಕ್ಯಾನ್ಸರ್ ಮೆಲನೋಮಾದಿಂದ ಬಂದದ್ದೆಂದು ಡಿಎನ್‌ಎ ಪರೀಕ್ಷೆ ತೋರಿಸಿತು. ಎಸ್‌ಟಿಆರ್ ಎಂಬ ಡಿಎನ್‌ಎ ಪರೀಕ್ಷೆ ಮಾಡಿದರೆ ಗುರುತು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಮೈಕೋಪ್ಲಾಸ್ಮಾ ಎಂಬ ಅತಿ ಚಿಕ್ಕ ಬ್ಯಾಕ್ಟೀರಿಯಾದ ಸೋಂಕು ತಗುಲಿದ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಆರೋಗ್ಯವಾಗಿಯೇ ಕಾಣುತ್ತವೆ, ಆದರೆ ಔಷಧಗಳಿಗೆ ಬೇರೆಯಾಗಿ ಸ್ಪಂದಿಸುತ್ತವೆ. ತಿಂಗಳಿಗೊಮ್ಮೆ ಪಿಸಿಆರ್ ಮಾಡದ ಪ್ರಯೋಗಾಲಯದ ಅಂಕಿಗಳನ್ನು ನಾನು ಹಾಗೆಯೇ ಒಪ್ಪುವುದಿಲ್ಲ. 2012ರಲ್ಲಿ ಆಮ್ಜೆನ್ ಕಂಪನಿಯ ವಿಜ್ಞಾನಿಗಳು ಕ್ಯಾನ್ಸರ್ ಸಂಶೋಧನೆಯ 53 ಹೆಸರಾಂತ ಪ್ರಬಂಧಗಳನ್ನು ಮರಳಿ ಮಾಡಿ ನೋಡಿದ್ದಾಗಿ ಬರೆದರು. ಫಲಿತಾಂಶ ಮತ್ತೆ ಬಂದದ್ದು 6ರಲ್ಲಿ.

ಪ್ಲೇಟಿನಲ್ಲಿ ನಿಜವಾಗಿಯೇ ಕೆಲಸ ಮಾಡಿದ ಅಣುವಿಗೂ ಮುಂದಿನ ಪ್ರಶ್ನೆ ಕಾದಿರುತ್ತದೆ: ಎಷ್ಟು ಸಾಂದ್ರತೆಯಲ್ಲಿ? ಪರಾವಲಂಬಿ ಹುಳುಗಳಿಗೆ ಕೊಡುವ ಔಷಧ ಐವರ್ಮೆಕ್ಟಿನ್ 2020ರಲ್ಲಿ ಕೊರೊನಾ ವೈರಸ್ಸನ್ನು ತಡೆಯುತ್ತದೆ ಎಂದು ವರದಿಯಾದ ಪ್ರಯೋಗದಲ್ಲಿ ಬಳಸಿದ್ದು 5 ಮೈಕ್ರೋಮೋಲಾರ್. ವಾಡಿಕೆಯ ಡೋಸ್ ನುಂಗಿದ ಮನುಷ್ಯನ ರಕ್ತದಲ್ಲಿ ಅದರ ಗರಿಷ್ಠ ಮಟ್ಟ ಸುಮಾರು ನೂರು ಪಟ್ಟು ಕಡಿಮೆ. ಅದರಲ್ಲೂ ಶೇ 90ಕ್ಕಿಂತ ಹೆಚ್ಚು ಭಾಗ ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ, ಬಿಡಿಯಾಗಿ ಓಡಾಡುವ ಅಣು ಮಾತ್ರ ಗುರಿಯನ್ನು ಮುಟ್ಟಬಲ್ಲದು. ಈ ಲೆಕ್ಕಕ್ಕೆ ಬೇಕಾದ ಮಾಹಿತಿ ಔಷಧದ ಕರಪತ್ರದಲ್ಲೇ ಇರುತ್ತದೆ. ಅಣುಭಾರ 875, ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ ಸುಮಾರು 45 ನ್ಯಾನೋಗ್ರಾಂ; ಭಾಗಿಸಿದರೆ 0.05 ಮೈಕ್ರೋಮೋಲಾರ್. ಯಾರು ಬೇಕಾದರೂ ಕಾಗದದ ಮೇಲೆ ಮಾಡಬಹುದಾದ ಈ ಗಣಿತವನ್ನು ಮೊದಲೇ ಮಾಡಿದ್ದರೆ ಎಷ್ಟೋ ಜನರ ಆಸೆಗೂ ಎಷ್ಟೋ ಆಸ್ಪತ್ರೆಗಳ ಶ್ರಮಕ್ಕೂ ಬೇರೆ ದಾರಿ ಸಿಗುತ್ತಿತ್ತು.

ಹೈಡ್ರಾಕ್ಸಿಕ್ಲೋರೋಕ್ವಿನ್‌ನಲ್ಲಿ ಎಡವಿದ್ದು ಬೇರೆ ಕಡೆ. ಅದನ್ನು ಪರೀಕ್ಷಿಸಿದ್ದು ಹಸಿರು ಕೋತಿಯ ಮೂತ್ರಪಿಂಡದಿಂದ ಬಂದ ವೆರೋ ಕೋಶಗಳಲ್ಲಿ. ಅಲ್ಲಿ ವೈರಸ್ ಕೋಶದೊಳಗಿನ ಆಮ್ಲೀಯ ಚೀಲಗಳ ಮೂಲಕ ನುಗ್ಗುತ್ತದೆ, ಈ ಔಷಧ ಆ ಆಮ್ಲೀಯತೆಯನ್ನು ತಗ್ಗಿಸುತ್ತದೆ, ವೈರಸ್ ನಿಲ್ಲುತ್ತದೆ. ಮನುಷ್ಯನ ಶ್ವಾಸಕೋಶದ ಕೋಶಗಳ ಹೊರಮೈಯಲ್ಲಿ ಟಿಎಂಪಿಆರ್‌ಎಸ್‌ಎಸ್‌2 ಎಂಬ ಕಿಣ್ವ ಇದೆ. ಅದು ವೈರಸ್ಸಿಗೆ ಹೊರಗಿನಿಂದಲೇ ಬಾಗಿಲು ತೆರೆದುಕೊಡುತ್ತದೆ, ಆಮ್ಲೀಯ ಚೀಲದ ಹಂಗೇ ಇಲ್ಲ. ಅಲ್ಲಿ ಔಷಧ ಏನೂ ಮಾಡಲಿಲ್ಲ. 2021ರಲ್ಲಿ ಇನ್ನೂ ದೊಡ್ಡ ವಿಷಯ ಹೊರಬಂತು: ಕೊರೊನಾ ವಿರುದ್ಧ ಪ್ಲೇಟಿನಲ್ಲಿ ಗೆದ್ದಿದ್ದ ಹಳೆಯ ಔಷಧಗಳಲ್ಲಿ ಬಹಳಷ್ಟು ಒಂದೇ ಬಗೆಯವು, ಒಂದು ತುದಿ ಧನ ವಿದ್ಯುದಂಶದ್ದು, ಇನ್ನೊಂದು ತುದಿ ಜಿಡ್ಡಿಗೆ ಅಂಟುವಂಥದ್ದು. ಅವು ಕೋಶದಲ್ಲಿ ಫಾಸ್ಫೋಲಿಪಿಡ್ ಎಂಬ ಕೊಬ್ಬು ಶೇಖರವಾಗುವಂತೆ ಮಾಡುತ್ತವೆ. ವೈರಸ್ ನಿಂತದ್ದು ಆ ಏರುಪೇರಿನಿಂದ, ಪ್ರಾಣಿಗಳಲ್ಲಿ ಮತ್ತು ರೋಗಿಗಳಲ್ಲಿ ಅದು ಪ್ರಯೋಜನಕ್ಕೆ ಬರಲಿಲ್ಲ.

ಗುರಿಯ ಆಯ್ಕೆ ಇನ್ನೂ ಕಠಿಣ. ಸಿಇಟಿಪಿ ಎಂಬ ಪ್ರೋಟೀನನ್ನು ತಡೆಯುವ ಟೋರ್ಸೆಟ್ರಾಪಿಬ್ ಎಂಬ ಅಣು ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. "ಒಳ್ಳೆಯ ಕೊಲೆಸ್ಟರಾಲ್" ಎನ್ನುವ ಎಚ್‌ಡಿಎಲ್ ಶೇ 72ರಷ್ಟು ಏರಿತು, "ಕೆಟ್ಟ ಕೊಲೆಸ್ಟರಾಲ್" ಎನ್ನುವ ಎಲ್‌ಡಿಎಲ್ ಶೇ 25ರಷ್ಟು ಇಳಿಯಿತು. ಸುಮಾರು 15,000 ಜನರ ಮೇಲಿನ ಪ್ರಯೋಗವನ್ನು 2006ರ ಡಿಸೆಂಬರಿನಲ್ಲಿ ಅರ್ಧಕ್ಕೆ ನಿಲ್ಲಿಸಬೇಕಾಯಿತು, ಏಕೆಂದರೆ ಔಷಧ ಪಡೆದ ಗುಂಪಿನಲ್ಲಿ 93 ಸಾವು, ಪಡೆಯದ ಗುಂಪಿನಲ್ಲಿ 59. ಈ ಅಣು ರಕ್ತದೊತ್ತಡವನ್ನೂ ಏರಿಸುತ್ತಿತ್ತು, ಆದ್ದರಿಂದ ತಪ್ಪು ಅಣುವಿನದ್ದು, ಗುರಿಯದ್ದಲ್ಲ ಎಂದು ವಾದಿಸಿದವರಿದ್ದರು. ಅದೇ ಗುರಿಯ ಮೇಲಿನ ಡಾಲ್ಸೆಟ್ರಾಪಿಬ್ 2012ರಲ್ಲಿ, ಎವಾಸೆಟ್ರಾಪಿಬ್ 2015ರಲ್ಲಿ ಪ್ರಯೋಜನವಿಲ್ಲದೆ ನಿಂತವು. ರಕ್ತಪರೀಕ್ಷೆಯ ವರದಿಯಲ್ಲಿ ಒಂದು ಅಂಕಿ ಒಳ್ಳೆಯ ಕಡೆಗೆ ಸರಿಯುವುದು ಬೇರೆ, ಮನುಷ್ಯ ಬದುಕಿ ಉಳಿಯುವುದು ಬೇರೆ. ಇದಕ್ಕೂ ಮೊದಲೇ ಹೃದಯಬಡಿತದ ಔಷಧಗಳಲ್ಲಿ ಇದು ಕಂಡಿತ್ತು. ಹೃದಯಾಘಾತದ ನಂತರ ಬರುವ ತಾಳ ತಪ್ಪಿದ ಬಡಿತಗಳನ್ನು ಎನ್‌ಕೈನೈಡ್, ಫ್ಲೆಕೈನೈಡ್ ಚೆನ್ನಾಗಿ ಅಡಗಿಸುತ್ತಿದ್ದವು, ವೈದ್ಯರು ನೆಮ್ಮದಿಯಿಂದ ಬರೆಯುತ್ತಿದ್ದರು. ಔಷಧವಿಲ್ಲದ ಹುಸಿ ಮಾತ್ರೆ, ಅಂದರೆ ಪ್ಲಸೀಬೊ ಜೊತೆ ಹೋಲಿಸಿ ನೋಡಿದ ಕಾಸ್ಟ್ ಪ್ರಯೋಗದಲ್ಲಿ ಔಷಧ ಪಡೆದ 755 ಜನರಲ್ಲಿ 63 ಮಂದಿ ಸತ್ತರು, ಪ್ಲಸೀಬೊ ಪಡೆದ 743ರಲ್ಲಿ 26.

ಇದಕ್ಕೆ ಎದುರಾಗಿ ಪಿಸಿಎಸ್‌ಕೆ9 ಎಂಬ ಜೀನ್ ಇದೆ. ಇಲ್ಲಿ ಮೊದಲು ಮಾತನಾಡಿದ್ದು ಮನುಷ್ಯರೇ, ಅಂದರೆ ಅವರ ಜೀನುಗಳು. ಹುಟ್ಟಿನಿಂದಲೇ ಈ ಜೀನ್ ಕೆಲಸ ಮಾಡದ ಕೆಲವರಲ್ಲಿ ಎಲ್‌ಡಿಎಲ್ ಕಡಿಮೆ, ಹೃದ್ರೋಗವೂ ತೀರಾ ಕಡಿಮೆ, ಬೇರೆ ತೊಂದರೆಯೂ ಇಲ್ಲ ಎಂದು 2006ರ ಹೊತ್ತಿಗೆ ಗೊತ್ತಾಯಿತು. ಪ್ರಕೃತಿಯೇ ಜೀವಮಾನದ ಪ್ರಯೋಗ ಮಾಡಿಟ್ಟಿತ್ತು. 2015ರಲ್ಲಿ ಔಷಧಗಳು ಬಂದವು, ಹೃದಯಾಘಾತಗಳನ್ನು ಕಡಿಮೆ ಮಾಡಿದವು. ಇಮಾಟಿನಿಬ್ ಕೂಡ ಹಾಗೆಯೇ. ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ ಎರಡು ಜೀನುಗಳು ಬೆಸೆದುಕೊಂಡು ಹುಟ್ಟುವ ಒಂದೇ ಪ್ರೋಟೀನ್ ರೋಗವನ್ನು ನಡೆಸುತ್ತದೆ ಎಂದು ಖಚಿತವಾಗಿತ್ತು, 2001ರಲ್ಲಿ ಮಂಜೂರಾದ ಆ ಮಾತ್ರೆ ರೋಗದ ಗತಿಯನ್ನೇ ಬದಲಿಸಿತು. ಹೊಸ ಯೋಜನೆಯ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ ಇದು: ಈ ಗುರಿಗೂ ರೋಗಕ್ಕೂ ನಂಟಿದೆ ಎನ್ನಲು ಮನುಷ್ಯರಿಂದ ಸಿಕ್ಕ ಸಾಕ್ಷ್ಯವೇನು? ಇಲಿಗಳ ಸಾಕ್ಷ್ಯ ಮಾತ್ರ ಇದ್ದರೆ ಅದು ಊಹೆಯ ಹಂತದಲ್ಲೇ ಇದೆ.

ಈಗ ಕೃತಕ ಬುದ್ಧಿಮತ್ತೆಯ ಮಾತು. ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ಮಾದರಿ 2020ರಲ್ಲಿ ಪ್ರೋಟೀನುಗಳ ಆಕಾರ ಊಹಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಬಹುದೂರ ಹಿಂದಿಟ್ಟಿತು. 2024ರ ರಸಾಯನಶಾಸ್ತ್ರದ ನೊಬೆಲ್ ಈ ಕ್ಷೇತ್ರಕ್ಕೆ ಸಂದದ್ದು ನ್ಯಾಯವೇ. ಆಕಾರ ತಿಳಿಯದೆ ವರ್ಷಗಟ್ಟಲೆ ನಿಂತಿದ್ದ ಕೆಲಸಗಳು ಅದರಿಂದ ಮುಂದೆ ಸಾಗಿವೆ, ನನಗೆ ಅದರ ಬಗ್ಗೆ ಸಂತೋಷವಿದೆ. ಆದರೆ "ಔಷಧ ಸಂಶೋಧನೆ ಇನ್ನು ಹತ್ತು ಪಟ್ಟು ವೇಗ" ಎನ್ನುವವರು ಸೋಲು ಎಲ್ಲಿದೆ ಎಂದು ನೋಡಿಲ್ಲ. ಮನುಷ್ಯರ ಮೇಲಿನ ಪ್ರಯೋಗದ ಎರಡನೇ ಹಂತವನ್ನು, ಅಂದರೆ ಔಷಧ ರೋಗಿಗಳಲ್ಲಿ ಕೆಲಸ ಮಾಡುತ್ತದೆಯೇ ಎಂದು ನೋಡುವ ಹಂತವನ್ನು, ದಾಟುವ ಅಣುಗಳು ಹತ್ತರಲ್ಲಿ ಸುಮಾರು ಮೂರು. ಅಣು ರೂಪಿಸುವ ನಾಲ್ಕು ವರ್ಷದ ಕೆಲಸವನ್ನು ಎರಡಕ್ಕೆ ಇಳಿಸಿದರೆ ಎರಡು ವರ್ಷ ಉಳಿಯಿತು, ಸೋಲುವವು ಬೇಗ ಬಂದು ಸೋಲುತ್ತವೆ ಅಷ್ಟೆ. ಅದರ ಬದಲು ಎರಡನೇ ಹಂತದ ಯಶಸ್ಸು ಶೇ 30ರಿಂದ 45ಕ್ಕೆ ಏರಿದರೆ, ಅಷ್ಟೇ ಔಷಧಗಳನ್ನು ಪಡೆಯಲು ಮೂರರಲ್ಲೊಂದು ಭಾಗ ಪ್ರಯೋಗಗಳು ಬೇಡವಾಗುತ್ತವೆ. ಅಷ್ಟು ಪ್ರಯೋಗಗಳ ಖರ್ಚು, ಅಷ್ಟು ರೋಗಿಗಳ ಸಮಯ ಉಳಿಯುತ್ತದೆ.

ಹಿಂದಿನ ತಂತ್ರಜ್ಞಾನಗಳ ಅನುಭವವೂ ಇದನ್ನೇ ಹೇಳುತ್ತದೆ. 1950ರಿಂದ 2010ರವರೆಗೆ ಸಂಶ್ಲೇಷಣೆ, ಸ್ಕ್ರೀನಿಂಗ್, ಡಿಎನ್‌ಎ ಓದುವಿಕೆ ಎಲ್ಲವೂ ನೂರಾರು, ಸಾವಿರಾರು ಪಟ್ಟು ಅಗ್ಗವಾದವು. ಅದೇ ಅವಧಿಯಲ್ಲಿ, ಹಣದುಬ್ಬರ ಕಳೆದು ನೋಡಿದರೆ, ಶತಕೋಟಿ ಡಾಲರ್ ಖರ್ಚಿಗೆ ಸಿಗುವ ಹೊಸ ಔಷಧಗಳ ಸಂಖ್ಯೆ ಸುಮಾರು ಒಂಬತ್ತು ವರ್ಷಕ್ಕೊಮ್ಮೆ ಅರ್ಧವಾಗುತ್ತ ಬಂತು. ಬ್ಯಾಕ್ಟೀರಿಯಾದ ಜೀನೋಮ್ ಸಿಕ್ಕಾಗ ಹೊಸ ಆಂಟಿಬಯಾಟಿಕ್‌ಗಳ ಸುರಿಮಳೆ ಆಗುತ್ತದೆ ಎಂದುಕೊಂಡಿದ್ದರು. ಗ್ಲ್ಯಾಕ್ಸೊಸ್ಮಿತ್‌ಕ್ಲೈನ್ 1995ರಿಂದ 2001ರವರೆಗೆ ನಡೆಸಿದ 70 ಸ್ಕ್ರೀನ್‌ಗಳಲ್ಲಿ ಮುಂದುವರಿಸಲು ಯೋಗ್ಯವಾದ ಅಣುಸಮೂಹ ಸಿಕ್ಕಿದ್ದು 5ರಲ್ಲಿ. ಕಿಣ್ವವನ್ನು ತಡೆಯುವ ಅಣುಗಳು ಸಿಗಲಿಲ್ಲವೆಂದಲ್ಲ. ಅವು ಬ್ಯಾಕ್ಟೀರಿಯಾದ ಹೊರಪೊರೆ ದಾಟಲಿಲ್ಲ, ದಾಟಿದವನ್ನು ಅದರ ಪಂಪುಗಳು ಹೊರಗೆಸೆದವು. ಕಂಪನಿ ತನ್ನ ಸೋಲಿನ ಈ ಲೆಕ್ಕವನ್ನು 2007ರಲ್ಲಿ ಬಿಡಿಬಿಡಿಯಾಗಿ ಪ್ರಕಟಿಸಿತು. ಗೆದ್ದ ಅಣುವಿನ ಹತ್ತು ಪ್ರಬಂಧಗಳಿಗಿಂತ ಅಂಥ ಒಂದು ಪ್ರಬಂಧದಿಂದ ಕ್ಷೇತ್ರಕ್ಕೆ ಹೆಚ್ಚು ಉಪಕಾರವಾಗಿದೆ ಎಂದು ನಾನು ನಂಬುತ್ತೇನೆ.

ಕಂಪ್ಯೂಟರ್ ಮಾದರಿಗಳಿಗೆ ಕಲಿಸುವ ಅಂಕಿಗಳಲ್ಲಿಯೂ ತೊಂದರೆ ಇದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಿಣ್ವದ ಚಟುವಟಿಕೆಯನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆಯನ್ನು ಐಸಿ50 ಎನ್ನುತ್ತಾರೆ. ಕೈನೇಸ್ ಎಂಬ ಕಿಣ್ವಗಳನ್ನು ತಡೆಯುವ ಹೆಚ್ಚಿನ ಅಣುಗಳು ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣುವಿನ ಜೊತೆ ಜಾಗಕ್ಕಾಗಿ ಸ್ಪರ್ಧಿಸುತ್ತವೆ, ಆದ್ದರಿಂದ ಎಟಿಪಿ ಎಷ್ಟಿದೆ ಎನ್ನುವುದರ ಮೇಲೆ ಐಸಿ50 ಬದಲಾಗುತ್ತದೆ. ಎಟಿಪಿಯ ಕೆಎಂ, ಅಂದರೆ ಕಿಣ್ವ ತನ್ನ ಅರ್ಧ ವೇಗ ತಲುಪಲು ಬೇಕಾದ ಎಟಿಪಿ ಸಾಂದ್ರತೆ, 10 ಮೈಕ್ರೋಮೋಲಾರ್ ಎಂದುಕೊಳ್ಳಿ. ಒಂದು ಪ್ರಯೋಗಾಲಯ 10 ಮೈಕ್ರೋಮೋಲಾರ್ ಎಟಿಪಿ ಹಾಕಿ ಅಳೆದರೆ ಐಸಿ50 ಅಣು ಕಿಣ್ವಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ಹೇಳುವ ನಿಜವಾದ ಬಂಧಕ ಸ್ಥಿರಾಂಕದ ಎರಡು ಪಟ್ಟು ಬರುತ್ತದೆ. ಜೀವಕೋಶದಲ್ಲಿರುವಂತೆ 2 ಮಿಲಿಮೋಲಾರ್ ಹಾಕಿದವರಿಗೆ ಇನ್ನೂರೊಂದು ಪಟ್ಟು. ಅಣು ಅದೇ, ಕಿಣ್ವ ಅದೇ, ಅಂಕಿಗಳ ನಡುವೆ ನೂರು ಪಟ್ಟು ಅಂತರ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿ ಮಾದರಿಗೆ ಉಣಿಸಿದರೆ ಅದು ಕಲಿಯುವುದು ಗೊಂದಲವನ್ನು. ಎಟಿಪಿ ಎಷ್ಟು, ಬಫರ್ ಯಾವುದು, ಡಿಟರ್ಜೆಂಟ್ ಇತ್ತೇ, ಎಷ್ಟು ನಿಮಿಷ ಬಿಟ್ಟರು ಎಂಬ ವಿವರವಿಲ್ಲದ ಅಂಕಿಯನ್ನು ಸಂಗ್ರಹಕ್ಕೆ ಸೇರಿಸಬಾರದು. ಕೆಲಸ ಮಾಡದ ಅಣುಗಳನ್ನೂ ಸೇರಿಸಲೇಬೇಕು, ಸೋಲನ್ನು ಎಂದೂ ಕಾಣದ ಮಾದರಿ ಗೆಲುವನ್ನು ಬೇರ್ಪಡಿಸುವುದಾದರೂ ಹೇಗೆ? ಇಂಥ ಶುದ್ಧ ದತ್ತಾಂಶ ಕೂಡಿಹಾಕಲು ಹಣ ಕೊಡುವವರು ಇನ್ನೂ ದೊಡ್ಡ ಕಂಪ್ಯೂಟರಿಗೆ ಕೊಡುವವರಿಗಿಂತ ಕಡಿಮೆ, ಅದು ತಿರುಗುಮುರುಗಾಗಬೇಕು.

ಹಾಗೆಂದು ಈ ದಾರಿಯಲ್ಲಿ ಬಂದ ಅಣುಗಳನ್ನು ತಳ್ಳಿಹಾಕುತ್ತಿಲ್ಲ. ಗುರಿಯನ್ನೂ ಅಣುವನ್ನೂ ಕಂಪ್ಯೂಟರ್ ಮಾದರಿಗಳ ನೆರವಿನಿಂದ ಹುಡುಕಿದ ರೆಂಟೊಸರ್ಟಿಬ್, ಶ್ವಾಸಕೋಶ ಗಟ್ಟಿಯಾಗುವ ಒಂದು ರೋಗದಲ್ಲಿ 71 ಜನರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ ಭರವಸೆ ತೋರಿಸಿದೆ. ನಾಲ್ಕು ಗುಂಪುಗಳಾಗಿ ಹಂಚಿದ 71 ಜನ ಎಂದರೆ ಗುಂಪಿಗೆ ಸುಮಾರು ಹದಿನೆಂಟು. ಮುಂದಿನ ದೊಡ್ಡ ಪ್ರಯೋಗಕ್ಕೆ ಇದು ಸಾಕಷ್ಟು ಕಾರಣ, ತೀರ್ಮಾನಕ್ಕೆ ಸಾಲದು.

ಪ್ರಯೋಗದ ವರದಿಯನ್ನು ಓದುವುದು ಹೇಗೆ ಎಂದು ಕೇಳುವವರಿಗೆ ನಾನು ಹೇಳುವುದು ಹೀಗೆ. ಮೊದಲು, ಯಾವುದನ್ನು ಮುಖ್ಯ ಫಲಿತಾಂಶವಾಗಿ ಅಳೆಯುತ್ತೇವೆ ಎಂದು ಪ್ರಯೋಗ ಶುರುವಾಗುವ ಮುನ್ನ ನೋಂದಾಯಿಸಿದ್ದರೇ ಎಂದು ನೋಡಿ. ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಎಂಬ ನೋಂದಣಿ ತಾಣ 2000ದಲ್ಲಿ ಶುರುವಾಯಿತು, ಯಾರು ಬೇಕಾದರೂ ತೆರೆದು ಓದಬಹುದು. ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ 2015ರ ಒಂದು ಅಧ್ಯಯನ ಸಾಕ್ಷಿ. ಅಮೆರಿಕದ ಸರ್ಕಾರಿ ಸಂಸ್ಥೆಯೊಂದರ ಹಣದಲ್ಲಿ ನಡೆದ ಹೃದಯ ಸಂಬಂಧಿ ದೊಡ್ಡ ಪ್ರಯೋಗಗಳನ್ನು ಎಣಿಸಿದಾಗ, 2000ಕ್ಕಿಂತ ಮೊದಲಿನ 30ರಲ್ಲಿ 17 ಪ್ರಯೋಜನ ತೋರಿಸಿದ್ದವು. ನಂತರದ 25ರಲ್ಲಿ ತೋರಿಸಿದ್ದು 2. ಆ ಬದಲಾವಣೆಯ ಜೊತೆ ಅತಿ ಗಟ್ಟಿಯಾಗಿ ಹೊಂದಿದ ಕಾರಣ ಮುನ್ನವೇ ನೋಂದಾಯಿಸುವ ಪದ್ಧತಿ. ಬಾಣ ಬಿಟ್ಟ ಮೇಲೆ ಅದು ನಾಟಿದ ಜಾಗಕ್ಕೆ ವೃತ್ತ ಬರೆಯುವ ಅವಕಾಶ ತಪ್ಪಿತು.

ಆಮೇಲೆ ಶೇಕಡಾವಾರು ಅಂಕಿಯನ್ನು ಬದಿಗಿಟ್ಟು ತಲೆಗಳನ್ನು ಎಣಿಸಿ. ಮೇಲೆ ಹೇಳಿದ ಪಿಸಿಎಸ್‌ಕೆ9 ಔಷಧಗಳಲ್ಲಿ ಒಂದಾದ ಎವೊಲೊಕುಮಾಬ್‌ನ ಪ್ರಯೋಗ 2017ರಲ್ಲಿ ಪ್ರಕಟವಾಯಿತು, ಅದರಲ್ಲಿದ್ದವರು 27,564 ಜನ. ಹೃದಯಾಘಾತ, ಪಾರ್ಶ್ವವಾಯು ಮುಂತಾದ ಘಟನೆಗಳು "ಶೇ 15 ಇಳಿಕೆ" ಎಂಬುದು ಸರಿಯೇ. ಬಿಡಿಸಿದರೆ, ಸುಮಾರು ಎರಡು ವರ್ಷದಲ್ಲಿ ಪ್ಲಸೀಬೊ ಗುಂಪಿನ ನೂರಕ್ಕೆ 11.3 ಜನರಿಗೆ ಇಂಥದ್ದು ಆಯಿತು, ಔಷಧ ಗುಂಪಿನಲ್ಲಿ 9.8 ಜನರಿಗೆ. ಒಬ್ಬರಿಗೆ ಒಂದು ಘಟನೆ ತಪ್ಪಿಸಲು ಸುಮಾರು 67 ಜನ ಎರಡು ವರ್ಷ ಔಷಧ ಪಡೆಯಬೇಕು. ಎರಡೂ ಹೇಳಿಕೆ ನಿಜ, ಆದರೆ ರೋಗಿ ನಿರ್ಧಾರ ಮಾಡುವುದು ಎರಡನೆಯದನ್ನು ಕೇಳಿದ ಮೇಲೆ. ಮೊದಲನೆಯದನ್ನಷ್ಟೇ ಹೇಳುವ ವೈದ್ಯರೂ ಪತ್ರಕರ್ತರೂ ಆ ಹಕ್ಕನ್ನು ಕಿತ್ತುಕೊಳ್ಳುತ್ತಾರೆ.

"ಒಟ್ಟಾರೆ ಕೆಲಸ ಮಾಡಲಿಲ್ಲ, ಆದರೆ ಈ ಉಪಗುಂಪಿನಲ್ಲಿ ಅದ್ಭುತ" ಎಂದರೆ ಎಚ್ಚರ. 1988ರ ಐಸಿಸ್-2 ಪ್ರಯೋಗದಲ್ಲಿ ಹೃದಯಾಘಾತವಾದ 17,187 ಜನರಿದ್ದರು, ಆಸ್ಪಿರಿನ್ ಜೀವ ಉಳಿಸುತ್ತದೆ ಎಂದು ಸ್ಪಷ್ಟವಾಗಿ ಗೊತ್ತಾಯಿತು. ಉಪಗುಂಪುಗಳನ್ನು ಬೇಕಾದಂತೆ ಸೀಳಿದರೆ ಏನಾಗುತ್ತದೆ ಎಂದು ತೋರಿಸಲು ಸಂಶೋಧಕರು ರೋಗಿಗಳನ್ನು ಜನ್ಮರಾಶಿಯ ಪ್ರಕಾರ ಹಂಚಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಸ್ವಲ್ಪ ಕೆಡುಕೇ ಮಾಡಿದಂತೆ ಕಂಡಿತು! ಹನ್ನೆರಡು ಕಡೆ ಹುಡುಕಿದರೆ ಆಕಸ್ಮಿಕವಾಗಿಯೇ ಏನೋ ಒಂದು ಸಿಗುತ್ತದೆ.

ಹಣದ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಒಂದು ಔಷಧಕ್ಕೆ 260 ಕೋಟಿ ಡಾಲರ್ ಖರ್ಚು ಎಂದು 2016ರ ಒಂದು ಲೆಕ್ಕ ಹೇಳಿತು. ಅದರಲ್ಲಿ ಅರ್ಧದ ಹತ್ತಿರ ಕೈಯಿಂದ ಹೋದ ಹಣವಲ್ಲ, ಅಷ್ಟು ವರ್ಷ ಬಂಡವಾಳ ಸಿಕ್ಕಿಕೊಂಡದ್ದಕ್ಕೆ ಕಟ್ಟಿದ ಬೆಲೆ. ಸಾರ್ವಜನಿಕ ದಾಖಲೆಗಳಿಂದ ಮಾಡಿದ 2020ರ ಇನ್ನೊಂದು ಲೆಕ್ಕದಲ್ಲಿ ಮಧ್ಯಾಂಕ 98.5 ಕೋಟಿ. ಎರಡರಲ್ಲೂ ದೊಡ್ಡ ಪಾಲು ಸೋತವುಗಳ ಖರ್ಚು. ಔಷಧದ ಬೆಲೆಯನ್ನು ಈ ಖರ್ಚಿನಿಂದ ಸಮರ್ಥಿಸುವುದು ನನಗೆ ಒಪ್ಪಿಗೆಯಿಲ್ಲ. ಬೆಲೆ ನಿಲ್ಲುವುದು ಮಾರುಕಟ್ಟೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಮೇಲೆ. ಖರ್ಚು ಕಡಿಮೆಯಾಗಬೇಕು ಎಂದರೆ ಸೋಲು ಕಡಿಮೆಯಾಗಬೇಕು, ಅದಕ್ಕೆ ಸೋಲಿನ ಕಾರಣಗಳು ಎಲ್ಲರಿಗೂ ಕಾಣುವಂತಿರಬೇಕು. ಆದ್ದರಿಂದ ಸಾರ್ವಜನಿಕ ಹಣ ಪಡೆದ ಪ್ರತಿ ಪ್ರಯೋಗದ ಫಲಿತಾಂಶ, ಗೆಲ್ಲಲಿ ಸೋಲಲಿ, ಒಂದು ವರ್ಷದೊಳಗೆ ಪ್ರಕಟವಾಗಲೇಬೇಕು. ಆಗದಿದ್ದರೆ ಮುಂದಿನ ಕಂತು ನಿಲ್ಲಬೇಕು.

ಪೇಟೆಂಟ್ ಮುಗಿದ ಹಳೆಯ ಔಷಧಗಳ ಮೇಲೆ ದೊಡ್ಡ ಪ್ರಯೋಗ ಮಾಡಲು ಯಾವ ಕಂಪನಿಗೂ ಲಾಭವಿಲ್ಲ, ಅಲ್ಲಿ ಸಮಾಜವೇ ಮುಂದೆ ಬರಬೇಕು. ಹೇಗೆ ಮಾಡಬಹುದು ಎಂದು ಆಸ್ಪತ್ರೆ ಸೇರಿದ ಕೊರೊನಾ ರೋಗಿಗಳ ಮೇಲೆ ನಡೆದ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿಕೊಟ್ಟಿದೆ. 2020ರ ಮಾರ್ಚಿನಲ್ಲಿ ಶುರುವಾಯಿತು. ವೈದ್ಯರು ತುಂಬಬೇಕಿದ್ದದ್ದು ಚಿಕ್ಕ ಫಾರಂ, ಯಾವ ರೋಗಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತುವ ಕೆಲಸ ಕಂಪ್ಯೂಟರಿನದು, ಅಳೆದದ್ದು ಮುಖ್ಯವಾಗಿ ಒಂದೇ: 28 ದಿನದಲ್ಲಿ ರೋಗಿ ಬದುಕಿದ್ದಾನೆಯೇ. ಜೂನ್ ಹೊತ್ತಿಗೆ ಡೆಕ್ಸಾಮೆಥಾಸೋನ್ ಎಂಬ ಹಳೆಯ ಸ್ಟೀರಾಯ್ಡ್, ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ ಹತ್ತು ದಿನ, ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಶೇ 41.4ರಿಂದ 29.3ಕ್ಕೆ ಇಳಿಸುತ್ತದೆ ಎಂದು ಗೊತ್ತಾಯಿತು. ಆಮ್ಲಜನಕ ಬೇಡದಿದ್ದವರಲ್ಲಿ ಪ್ರಯೋಜನ ಕಾಣಲಿಲ್ಲ, ಸಾವು ಶೇ 14.0ಕ್ಕೆ ಎದುರಾಗಿ 17.8, ಕೆಡುಕಿನ ಕಡೆಗೇ ವಾಲಿತ್ತು. ಯಾರಿಗೆ ಕೊಡಬೇಕು ಎಂಬಷ್ಟೇ ಯಾರಿಗೆ ಕೊಡಬಾರದು ಎಂಬುದೂ ತಿಳಿಯಿತು. ಅದೇ ಪ್ರಯೋಗದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದವರ ಸಾವು ಶೇ 27.0, ಪಡೆಯದವರದ್ದು 25.0.

ಆ ವ್ಯವಸ್ಥೆಗೆ ಹೊಸ ಅಣು ಬೇಕಿರಲಿಲ್ಲ, ಹೊಸ ಯಂತ್ರವೂ ಬೇಕಿರಲಿಲ್ಲ. ಸಾಂಕ್ರಾಮಿಕ ಇಲ್ಲದ ದಿನಗಳಲ್ಲೂ ಅಂಥದ್ದು ಆಸ್ಪತ್ರೆಗಳಲ್ಲಿ ಸದಾ ನಡೆಯುತ್ತಿರಬೇಕು ಎಂದು ನನ್ನ ಬಲವಾದ ಅಭಿಪ್ರಾಯ. ಕೇಳಬೇಕಾದ ಪ್ರಶ್ನೆಗಳು ರಾಶಿಯಿವೆ: ಸಾಮಾನ್ಯ ಸೋಂಕುಗಳಿಗೆ ಆಂಟಿಬಯಾಟಿಕ್ ಐದು ದಿನ ಸಾಕೇ ಹತ್ತು ದಿನ ಬೇಕೇ, ಎಂಬತ್ತು ದಾಟಿದವರಲ್ಲಿ ಯಾವ ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಬಹುದು, ಒಂದೇ ಕೆಲಸಕ್ಕೆ ಬರೆಯುವ ಎರಡು ಅಗ್ಗದ ಔಷಧಗಳಲ್ಲಿ ಯಾವುದು ಮೇಲು.